ಹೌದು, ನಮ್ಮ ಮನೆಗೂ ತಿಗಣೆ ಬಂದಿತ್ತು!

ಕಾಶಿಯಿಂದ ಏನೇನು ತಂದಿರಿ ಎಂದು ಕೇಳಿದವರಿಗೆಲ್ಲ ಅಮ್ಮ ಉದ್ದದ ಪಟ್ಟಿ ಹೇಳುತ್ತಿದ್ದಳು. ಗಂಗಾಜಲದ ತಂಬಿಗೆ, ಅನ್ನಪೂರ್ಣೆಯ ಪುಟ್ಟ ವಿಗ್ರಹ, ಕಾಶಿದಾರ, ಅಕ್ಕಪಕ್ಕದ ಮನೆಯವರಿಗೆ ಹಂಚಲು ಪೇಡಾ. ಆ ಪಟ್ಟಿಯಲ್ಲಿ ಒಂದು ಐಟಂ ಬಿಟ್ಟುಹೋಗಿತ್ತು. ಅದು ನಮ್ಮ ಜೊತೆ ಟಿಕೆಟ್ ಇಲ್ಲದೆ ದಾವಣಗೆರೆಯವರೆಗೂ ಬಂದಿದೆ ಎಂಬುದು ನಮಗೆ ಗೊತ್ತಾಗಲು ಹತ್ತು ದಿನ ಬೇಕಾಯಿತು. ಅದರ ಹೆಸರು ತಿಗಣೆ.

ನಗಬೇಡಿ. ಅಥವಾ ನಕ್ಕುಬಿಡಿ, ಪರವಾಗಿಲ್ಲ. ಈ ವಿಷಯ ಬರೆಯುತ್ತೇನೆ ಎಂದಾಗ ಅಮ್ಮ ಮೊದಲು ಹೇಳಿದ್ದೇ ‘ನಾಲ್ಕು ಜನ ಓದಿದರೆ ಏನಂದುಕೊಳ್ಳುತ್ತಾರೆ?’ ಅಂತ. ಆ ನಾಲ್ಕು ಜನಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಯಾಕೆಂದರೆ ನಮ್ಮ ಮನೆಯಲ್ಲಿ ತಿಗಣೆ ಮಾಡಿದ್ದಕ್ಕಿಂತ ದೊಡ್ಡ ಹಾನಿ ಮಾಡಿದ್ದು ಈ ‘ಏನಂದುಕೊಳ್ಳುತ್ತಾರೆ’ ಎಂಬ ಭಯ.

ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಬೆಂಗಳೂರಿನ ಪಿಜಿಯಿಂದ ಊರಿಗೆ ಬಂದಿದ್ದೆ. ಅಜ್ಜಿಯ ಬಹುದಿನದ ಆಸೆ ಕಾಶಿಯಾತ್ರೆ. ಜನವರಿ ರಜೆ ಸಿಕ್ಕಿದ್ದೇ ಅಪ್ಪ, ಅಮ್ಮ, ಅಜ್ಜಿ, ಪಿಯುಸಿ ಓದುವ ತಮ್ಮ, ನಾನು ಐವರೂ ಹೊರಟೆವು. ರೈಲಿನಲ್ಲಿ ಹೋಗುವಾಗ ಎರಡು ರಾತ್ರಿ, ಬರುವಾಗ ಎರಡು ರಾತ್ರಿ, ನಡುವೆ ಒಂದು ವಸತಿಗೃಹದಲ್ಲಿ ನಾಲ್ಕು ರಾತ್ರಿ. ಅಲ್ಲಿಯ ಚಳಿಗೆ ಬೇಕೆಂದು ಮನೆಯಿಂದಲೇ ಎರಡು ರಗ್ಗು ಒಯ್ದಿದ್ದೆವು. ವಾಪಸು ಬಂದ ಮರುದಿನ ಅಮ್ಮ ಅದರಲ್ಲಿ ಒಂದನ್ನು, ಮನೆಗೆಲಸಕ್ಕೆ ಬರುವ ಅಕ್ಕನಿಗೆ ಕೊಟ್ಟಳು. ‘ನಮ್ಮಲ್ಲಿ ಬೇಕಾದಷ್ಟಿವೆ, ನಿನ್ನ ಮಕ್ಕಳಿಗೆ ಹೊದೆಯಲು ಆಗುತ್ತೆ’ ಎಂದಳು. ಈ ರಗ್ಗನ್ನು ನೆನಪಿಟ್ಟುಕೊಳ್ಳಿ.

ನಾಲ್ಕನೇ ದಿನ ತಮ್ಮನ ತೋಳಿನ ಮೇಲೆ ಸಾಲಾಗಿ ಕೆಂಪು ಗುಳ್ಳೆಗಳು ಎದ್ದವು. ಸೊಳ್ಳೆ ಎಂದರು ಅಪ್ಪ. ಕಾಶಿಯ ನೀರು ಒಗ್ಗಿಲ್ಲ ಎಂದಳು ಅಮ್ಮ. ಸೊಳ್ಳೆಬತ್ತಿ ಉರಿಯಿತು, ಬೇವಿನಸೊಪ್ಪಿನ ಸ್ನಾನವಾಯಿತು, ಮೆಡಿಕಲ್ ಶಾಪಿನ ಅಲರ್ಜಿ ಮಾತ್ರೆಯೂ ಆಯಿತು. ವಿಚಿತ್ರವೆಂದರೆ ಅದೇ ಕೋಣೆಯಲ್ಲಿ ಮಂಚದ ಮೇಲೆ ಮಲಗುವ ಅಜ್ಜಿಯ ಮೈಮೇಲೆ ಒಂದೂ ಗುರುತಿರಲಿಲ್ಲ. ಕೆಳಗೆ ಹಾಸಿಗೆ ಹಾಕಿಕೊಂಡು ಮಲಗುವ ತಮ್ಮ ಮಾತ್ರ ಬೆಳಗಾಗುವವರೆಗೂ ಕೆರೆದುಕೊಳ್ಳುತ್ತಿದ್ದ.

ಹತ್ತನೇ ದಿನ ಬೆಳಿಗ್ಗೆ ಅಜ್ಜಿ ಹಾಸಿಗೆ ಮಡಚುವಾಗ ಏನನ್ನೋ ಹೆಬ್ಬೆರಳಿನಿಂದ ಒತ್ತಿ, ಮೂಗಿನ ಹತ್ತಿರ ಹಿಡಿದು, ‘ಅಯ್ಯೋ, ಇದು ತಗಣಿ ವಾಸನೆ!’ ಎಂದರು. ಐವತ್ತು ವರ್ಷದ ಹಿಂದಿನ ವಾಸನೆಯನ್ನು ಅಜ್ಜಿಯ ಮೂಗು ಮರೆತಿರಲಿಲ್ಲ. ಆ ಕಾಲದಲ್ಲಿ ಹಗ್ಗದ ಮಂಚವನ್ನು ಅಂಗಳಕ್ಕೆ ಎಳೆದು ಸಂದುಸಂದಿಗೂ ಕುದಿಯುವ ನೀರು ಹುಯ್ಯುತ್ತಿದ್ದರಂತೆ. ಟಾಕೀಸಿಗೆ ಹೋಗಿ ಬಂದವರು ಸೀರೆ ಝಾಡಿಸಿಯೇ ಒಳಗೆ ಬರಬೇಕಿತ್ತಂತೆ. ‘ಆಗ ಎಲ್ಲರ ಮನೆಯಲ್ಲೂ ಇದ್ದವು, ಯಾರೂ ಮುಚ್ಚಿಡುತ್ತಿರಲಿಲ್ಲ’ ಎಂದು ಅಜ್ಜಿ ನಗುತ್ತಾ ಹೇಳಿದರು. ಅಮ್ಮ ನಗಲಿಲ್ಲ. ಅವಳ ಮುಖ ಸಣ್ಣದಾಗಿತ್ತು. ದಿನಕ್ಕೆ ಎರಡು ಸಲ ಕಸ ಗುಡಿಸಿ, ವಾರಕ್ಕೊಮ್ಮೆ ಬೆಡ್‌ಶೀಟ್ ಬದಲಿಸುವ ಮನೆಯಲ್ಲಿ ತಿಗಣೆ!

ನಮ್ಮ ಮನೆ ಸ್ವಚ್ಛವಾಗಿದೆ ಎಂದಮೇಲೆ ತಿಗಣೆ ಹೊರಗಿನಿಂದಲೇ ಬಂದಿರಬೇಕು. ಹೊರಗಿನಿಂದ ದಿನವೂ ಬರುವವರು ಯಾರು? ಅಮ್ಮನ ಲೆಕ್ಕ ಅಷ್ಟು ಸರಳವಾಗಿತ್ತು. ಮರುದಿನ ಕೆಲಸದ ಅಕ್ಕನಿಗೆ ‘ಸ್ವಲ್ಪ ದಿನ ಬರಬೇಡ’ ಎಂದು ಹೇಳಿಯಾಯಿತು. ಯಾಕೆ ಎಂದು ಕೇಳಿದಾಗ ಕಾರಣವನ್ನೂ ಹೇಳಿಯಾಯಿತು. ಸಾಲದ್ದಕ್ಕೆ ಪಕ್ಕದ ಮನೆಯ ಆಂಟಿಗೂ ‘ಹುಷಾರು’ ಎಂಬ ಸೂಚನೆ ಹೋಯಿತು. ಅವರೂ ಅಕ್ಕನನ್ನು ಬಿಡಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದಿದ್ದೇನೆ. ಮನೆಯಲ್ಲೇ ನೋಡಿದ್ದು ಅದೇ ಮೊದಲು. ಆಗ ನಾನು ಏನಾದರೂ ಮಾತಾಡಿದೆನೇ? ಇಲ್ಲ. ನನಗೂ ಆ ಲೆಕ್ಕ ಸರಿ ಎಂದೇ ಅನಿಸಿತ್ತು. ಅದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು.

ನಂತರ ಶುರುವಾಗಿದ್ದು ನನ್ನ ಎಂಜಿನಿಯರಿಂಗ್. ಪ್ರೋಗ್ರಾಂನಲ್ಲಿ ಬಗ್ ಬಂದರೆ ಮೊದಲು ಅದು ಎಲ್ಲಿದೆ, ಎಲ್ಲಿಲ್ಲ ಎಂದು ನೋಡುತ್ತೇವಲ್ಲ, ಅದೇ ಕೆಲಸವನ್ನು ನಿಜವಾದ ಬಗ್‌ಗೆ ಮಾಡಿದೆ. ಮೊಬೈಲ್ ಟಾರ್ಚ್, ಒಂದು ಹಳೆಯ ಎಟಿಎಂ ಕಾರ್ಡ್ ಹಿಡಿದು ಮನೆಯ ಸಂದುಗೊಂದು ಕೆರೆದೆ. ಅಕ್ಕ ಕೆಲಸ ಮಾಡುವ ಅಡುಗೆಮನೆ, ಹಿತ್ತಲು, ಹಾಲ್‌ನಲ್ಲಿ ಒಂದೂ ಇಲ್ಲ. ಅಜ್ಜಿಯ ಮಂಚದ ಒಂದು ಮೂಲೆಯಲ್ಲಿ, ಸ್ಕ್ರೂ ತೂತಿನಲ್ಲಿ ಕಪ್ಪು ಚುಕ್ಕೆಗಳು. ಆ ಮೂಲೆಯ ಕೆಳಗೇ ನಮ್ಮ ದೊಡ್ಡ ಟ್ರಾಲಿ ಬ್ಯಾಗ್ ಇತ್ತು. ಅದರ ಜಿಪ್ಪಿನ ಪಟ್ಟಿ ಎತ್ತಿದರೆ ಪೊರೆ, ಮೊಟ್ಟೆ, ಜೀವಂತ ತಿಗಣೆ ಎಲ್ಲವೂ ಅಲ್ಲೇ.

‘ಮಂಚದಿಂದಲೇ ಬ್ಯಾಗಿಗೆ ಇಳಿದಿರಬಹುದಲ್ಲ?’ ಎಂದ ತಮ್ಮ. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಅಟ್ಟದ ಮೇಲಿತ್ತು. ಯಾತ್ರೆಗೆ ಒಯ್ದ ಇನ್ನೊಂದು ಬ್ಯಾಗನ್ನು ಊರಿಗೆ ಬಂದ ರಾತ್ರಿಯೇ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬೇರೆ ಕೋಣೆಯ ಅಟ್ಟಕ್ಕೆ ಏರಿಸಿದ್ದೆವು. ಅದನ್ನು ಇಳಿಸಿ ಬಿಚ್ಚಿದಾಗ ಅದರೊಳಗೂ ಎರಡು ತಿಗಣೆ ಓಡಾಡುತ್ತಿದ್ದವು. ಅಂದರೆ ತಂದವರು ನಾವೇ. ಆ ರಾತ್ರಿ ಊಟ ಮಾಡುವಾಗ ನನಗೆ ರಗ್ಗು ನೆನಪಾಯಿತು. ತುತ್ತು ಗಂಟಲಲ್ಲೇ ನಿಂತಿತು.

ಮರುದಿನ ಅಮ್ಮನನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ಅಕ್ಕನ ಮನೆಗೆ ಹೋದೆ. ಒಂದೇ ಕೋಣೆಯ ಮನೆ. ಇಬ್ಬರು ಮಕ್ಕಳ ಕಾಲ ತುಂಬ ಗುಳ್ಳೆ. ನಾವು ಬಾಯಿ ತೆರೆಯುವ ಮೊದಲೇ ಅಕ್ಕ ಅಂದಳು: ‘ನೀವು ಹೇಳಿದ್ದು ಖರೆ ಐತಿ ಅಮ್ಮಾ. ನಮ್ಮನೇಲೇ ಅದಾವು. ನನಗೆ ಗೊತ್ತೇ ಇರಲಿಲ್ಲ.’ ನಮ್ಮ ಮಾತನ್ನು ಅವಳು ಎಷ್ಟು ನಂಬಿದ್ದಳೆಂದರೆ, ತನ್ನಿಂದಲೇ ನಮಗೆ ತೊಂದರೆಯಾಯಿತೆಂದು ಇರುವ ಎರಡು ಚಾಪೆಯನ್ನೂ ಸುಟ್ಟುಹಾಕಿದ್ದಳು. ನಾವು ಕೊಟ್ಟ ರಗ್ಗು ಮಾತ್ರ ಮಡಚಿ ಜೋಪಾನವಾಗಿ ಇಟ್ಟಿದ್ದಳು, ಒಳ್ಳೆಯ ರಗ್ಗು ಎಂದು.

ಅಮ್ಮ ಅಲ್ಲಿ ಏನು ಹೇಳಿದಳು, ಹೇಗೆ ಹೇಳಿದಳು ಎಂಬುದನ್ನು ಬರೆಯುವುದಿಲ್ಲ. ಆದರೆ ಅಲ್ಲಿಂದ ಬಂದವಳೇ ಸೀದಾ ಪಕ್ಕದ ಮನೆಗೆ ಹೋಗಿ ‘ತಿಗಣೆ ತಂದವರು ನಾವು, ಅವಳಲ್ಲ’ ಎಂದು ಹೇಳಿ ಬಂದಳು. ಬೀದಿಯಲ್ಲಿ ತನ್ನ ಮನೆಯ ಸ್ವಚ್ಛತೆಗೆ ಹೆಸರು ಮಾಡಿದ ಹೆಂಗಸಿಗೆ ಆ ಹತ್ತು ಹೆಜ್ಜೆ ಎಷ್ಟು ಕಷ್ಟ ಎಂದು ನನಗೆ ಗೊತ್ತು. ಅಕ್ಕನಿಗೆ ಎರಡೂ ಮನೆಯ ಕೆಲಸ ವಾಪಸು ಸಿಕ್ಕಿತು, ತಪ್ಪಿದ ದಿನಗಳ ಸಂಬಳವೂ ಸಿಕ್ಕಿತು. ಆದರೂ ಹಾಸಿಗೆ ಕೋಣೆಯ ಹೊಸ್ತಿಲು ದಾಟುವ ಮುನ್ನ ಅವಳು ಈಗಲೂ ಒಂದು ಕ್ಷಣ ನಿಲ್ಲುತ್ತಾಳೆ. ಅದನ್ನು ಯಾವ ಸಂಬಳದಿಂದಲೂ ತುಂಬಿಕೊಡಲು ಆಗುವುದಿಲ್ಲ.

ಈಗ ತಿಗಣೆಯ ಬಗ್ಗೆ ನಾನು ಓದಿ, ಮಾಡಿ ತಿಳಿದಿದ್ದನ್ನು ಹೇಳುತ್ತೇನೆ. ಹಾಸ್ಟೆಲ್, ಪಿಜಿಯಲ್ಲಿರುವವರು ಸ್ವಲ್ಪ ಗಮನಿಸಿ.

ತಿಗಣೆಗೂ ಕೊಳಕಿಗೂ ಸಂಬಂಧವಿಲ್ಲ. ಅದಕ್ಕೆ ಬೇಕಿರುವುದು ನಮ್ಮ ರಕ್ತ, ನಮ್ಮ ಮೈ ಶಾಖ, ನಾವು ಬಿಡುವ ಉಸಿರು, ಅಡಗಲು ಒಂದು ಸಂದು. ಇವು ಅರಮನೆಯಲ್ಲೂ ಇವೆ, ಗುಡಿಸಲಿನಲ್ಲೂ ಇವೆ. ಅದು ಹಾರುವುದಿಲ್ಲ, ನೆಗೆಯುವುದಿಲ್ಲ. ಊರಿಂದೂರಿಗೆ ಹೋಗಬೇಕೆಂದರೆ ನಮ್ಮ ಲಗೇಜೇ ಅದಕ್ಕೆ ಬಸ್ಸು, ರೈಲು, ವಿಮಾನ. 2023ರಲ್ಲಿ, ಒಲಿಂಪಿಕ್ಸ್‌ಗೆ ಇನ್ನು ಒಂದು ವರ್ಷವೂ ಇಲ್ಲದಿದ್ದಾಗ, ಪ್ಯಾರಿಸ್ ನಗರ ತಿಗಣೆಯ ಗಲಾಟೆಯಿಂದ ಜಗತ್ತಿನಾದ್ಯಂತ ಸುದ್ದಿಯಾಗಿತ್ತು. ಅದೇ ವರ್ಷ ದಕ್ಷಿಣ ಕೊರಿಯಾ ಸರ್ಕಾರ ತಿಗಣೆ ವಿರುದ್ಧ ವಿಶೇಷ ಅಭಿಯಾನವನ್ನೇ ನಡೆಸಿತು. ಅವರಿಗೇ ಇಲ್ಲದ ನಾಚಿಕೆ ನಮಗೇಕೆ?

ಎರಡನೆಯದು, ಗುಳ್ಳೆ ನೋಡಿ ತೀರ್ಮಾನಿಸಬೇಡಿ. ತಿಗಣೆ ಕಚ್ಚಿದರೆ ಕೆಲವರ ಮೈ ಕೆಂಪಾಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ವಯಸ್ಸಾದವರಲ್ಲಿ ಗುರುತು ಕಾಣದಿರುವುದು ಸಾಮಾನ್ಯ. ಅಜ್ಜಿಯ ಮಂಚವೇ ಮೂಲವಾಗಿದ್ದರೂ ಅಜ್ಜಿಯ ಮೈ ಸ್ವಚ್ಛವಾಗಿತ್ತು. ಹಾಗಾಗಿ ಹುಡುಕಬೇಕಾದ್ದು ಹಾಸಿಗೆಯ ಹೊಲಿಗೆಯಲ್ಲಿ, ಮಂಚದ ಕೀಲಿನಲ್ಲಿ, ಸ್ವಿಚ್‌ಬೋರ್ಡ್ ಹಿಂದೆ. ಶಾಯಿ ಚುಕ್ಕೆಯಂತಹ ಕಲೆ, ತೆಳು ಕಂದು ಪೊರೆ, ಒಂದು ಮಿಲಿಮೀಟರ್ ಉದ್ದದ ಬಿಳಿ ಮೊಟ್ಟೆ ಕಂಡರೆ ಅದೇ. ಬಲಿತ ತಿಗಣೆ ಸುಮಾರು 5 ಮಿಲಿಮೀಟರ್, ಸೇಬಿನ ಬೀಜದಷ್ಟು. ಒಂದು ಸಮಾಧಾನವೆಂದರೆ ಇದು ಸೊಳ್ಳೆಯಂತೆ ಮನುಷ್ಯರಿಗೆ ರೋಗ ಹರಡುತ್ತದೆ ಎಂಬುದಕ್ಕೆ ಸಾಕ್ಷಿಯಿಲ್ಲ. ನಿದ್ದೆಯನ್ನಂತೂ ಕದಿಯುತ್ತದೆ.

ಮೂರನೆಯದು, ಅಂಗಡಿಯ ಸ್ಪ್ರೇ ಒಂದನ್ನೇ ನಂಬಬೇಡಿ. ಅಜ್ಜಿಯ ಕಾಲದಲ್ಲಿ ಡಿಡಿಟಿಗೆ ಸಾಯುತ್ತಿದ್ದ ತಿಗಣೆಗಳು ಕ್ರಮೇಣ ಅದಕ್ಕೆ ಒಗ್ಗಿಕೊಂಡವು. ಈಗಿನ ಸ್ಪ್ರೇಗಳಲ್ಲಿ ಹೆಚ್ಚಾಗಿ ಇರುವ ಪೈರೆಥ್ರಾಯ್ಡ್‌ಗಳಿಗೂ ಹಲವೆಡೆ ಒಗ್ಗಿಕೊಂಡಿವೆ. ಮೊಟ್ಟೆಗಳ ಮೇಲೆ ಸ್ಪ್ರೇ ಪ್ರಭಾವ ಇನ್ನೂ ಕಡಿಮೆ. ಅವು ಒಡೆಯಲು ಒಂದು ವಾರದಿಂದ ಹತ್ತು ದಿನ ಬೇಕು. ಅದಕ್ಕೇ ನಮ್ಮ ಮನೆಗೆ ಬಂದ ಲೈಸೆನ್ಸ್ ಇರುವ ಪೆಸ್ಟ್ ಕಂಟ್ರೋಲ್‌ನವರು ಎರಡು ವಾರ ಬಿಟ್ಟು ಎರಡನೇ ಸಲ ಬಂದೇ ಬರಬೇಕು ಎಂದು ಹಟ ಹಿಡಿದರು. ‘ಒಂದೇ ಸಲಕ್ಕೆ ಗ್ಯಾರಂಟಿ’ ಎನ್ನುವವರನ್ನು ನಾನಂತೂ ನಂಬುವುದಿಲ್ಲ.

ತಿಗಣೆ ಒಗ್ಗಿಕೊಳ್ಳಲಾಗದ ಅಸ್ತ್ರ ಶಾಖ. 50 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೊಟ್ಟೆಯೂ ಸೇರಿ ಎಲ್ಲವೂ ಬೇಗ ಸಾಯುತ್ತವೆ. 45 ಡಿಗ್ರಿಯಾದರೆ ಗಂಟೆಗಟ್ಟಲೆ ಬೇಕು. ಬಟ್ಟೆಗಳನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗೆ ಇಟ್ಟರೆ ಸಾಕು ಎಂದುಕೊಂಡಿದ್ದೆ. ಮಿನಿ ಪ್ರಾಜೆಕ್ಟ್‌ಗೆ ತಂದಿದ್ದ ಅರ್ಡುಯಿನೊ ಬೋರ್ಡ್, ಎರಡು ಟೆಂಪರೇಚರ್ ಸೆನ್ಸರ್ ಮನೆಯಲ್ಲಿದ್ದವು. ಒಂದನ್ನು ಚೀಲದ ಮೇಲ್ಪದರದಲ್ಲಿ, ಇನ್ನೊಂದನ್ನು ಬಟ್ಟೆಯ ನಡುವೆ ಇಟ್ಟೆ. ಮಧ್ಯಾಹ್ನ ಎರಡು ಗಂಟೆಗೆ ಮೇಲೆ 52 ಡಿಗ್ರಿ, ನಡುವೆ ಬರೀ 38! ತಿಗಣೆಗೆ ಅದು ಸನ್‌ಬಾತ್ ಅಷ್ಟೇ. ಬಿಸಿಲಿನ ಮೇಲಿದ್ದ ನನ್ನ ಭರವಸೆ ಅಂದೇ ಹೋಯಿತು. ಹಂಡೆಯ ಕುದಿಯುವ ನೀರು, ಹೊಲಿಗೆಗಳ ಮೇಲೆ ಇಸ್ತ್ರಿಪೆಟ್ಟಿಗೆ, ಒಗೆದ ಬಟ್ಟೆಗೆ ಬಿಗಿಯಾಗಿ ಕಟ್ಟಿದ ಹೊಸ ಚೀಲ. ಕೊನೆಗೆ ಗೆದ್ದಿದ್ದು ಅಜ್ಜಿಯ ತಂತ್ರಜ್ಞಾನವೇ. ಮಂಚವನ್ನು ಗೋಡೆಯಿಂದ ದೂರ ಸರಿಸಿ, ನಾಲ್ಕು ಕಾಲಿಗೂ ಸೋಪಿನ ನೀರಿನ ಬಟ್ಟಲು ಇಟ್ಟೆವು. ಬೆಳಿಗ್ಗೆ ಬಟ್ಟಲಿನಲ್ಲಿ ಬಿದ್ದವನ್ನು ಎಣಿಸಿ ಬರೆದಿಡುವುದು ತಮ್ಮನ ಕೆಲಸ. ಆರನೇ ವಾರದಲ್ಲಿ ಲೆಕ್ಕ ಸೊನ್ನೆಗೆ ಬಂತು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಬೇಸತ್ತ ಅಪ್ಪನಿಗೆ ಯಾರೋ ಪರಿಚಿತರು ‘ಧಾನ್ಯದ ಗೋದಾಮಿಗೆ ಇಡುವ ಮಾತ್ರೆ ತಂದು ಕೋಣೆಯಲ್ಲಿಟ್ಟು ಬಾಗಿಲು ಹಾಕಿಬಿಡಿ’ ಎಂದರು. ಮೆಕ್ಕೆಜೋಳದ ಊರಾದ ನಮ್ಮಲ್ಲಿ ಆ ಮಾತ್ರೆಯ ಪರಿಚಯ ಎಲ್ಲರಿಗೂ ಇದೆ. ಅಪ್ಪ ಹೊರಟೂ ಇದ್ದರು. ಅದು ಅಲ್ಯುಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಅದು ಬಾಗಿಲ ಸಂದಿನಿಂದ, ಗೋಡೆಯ ಬಿರುಕಿನಿಂದ ಪಕ್ಕದ ಕೋಣೆಗೂ ನುಗ್ಗುತ್ತದೆ. ಅದಕ್ಕೆ ನಿರ್ದಿಷ್ಟ ಪ್ರತ್ಯೌಷಧವಿಲ್ಲ. ಹಾಗಾಗಿಯೇ ಪರಿಣತರ ಮೇಲ್ವಿಚಾರಣೆಯಿಲ್ಲದೆ ಅದನ್ನು ಬಳಸುವಂತಿಲ್ಲ ಎಂದು ನಿಯಮವಿದೆ. ಇಲಿ ಹೆಚ್ಚಾಯಿತೆಂದು ಮನೆಗೆ ಬೆಂಕಿ ಇಟ್ಟಂತೆ ಆಗುತ್ತದೆ ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ. ಮೊದಲ ವರ್ಷ ಬೈದುಕೊಂಡು ಓದಿದ ಕೆಮಿಸ್ಟ್ರಿ ಅಂದು ಉಪಯೋಗಕ್ಕೆ ಬಂತು. ಪಿಜಿಯಲ್ಲಿರುವ ಗೆಳೆಯರೇ, ನಿಮ್ಮ ಕಟ್ಟಡದಲ್ಲಿ ಯಾವ ಔಷಧ ಹಾಕುತ್ತಿದ್ದಾರೆ, ಎಷ್ಟು ಹೊತ್ತು ಹೊರಗಿರಬೇಕು ಎಂದು ಕೇಳುವುದು ನಿಮ್ಮ ಹಕ್ಕು. ಅದನ್ನು ಕೇಳಲು ಸಂಕೋಚ ಬೇಡ.

ಸಂಕೋಚದ ಮಾತು ಬಂತಲ್ಲ, ನನ್ನದೇ ಕಥೆ ಹೇಳಿ ಮುಗಿಸುತ್ತೇನೆ. ಈ ಗಲಾಟೆಯ ನಡುವೆ ನಾನು ಬೆಂಗಳೂರಿಗೆ ಹೊರಡಬೇಕಿತ್ತು. ಅದೇ ಬ್ಯಾಗ್, ಅದೇ ಬಟ್ಟೆ. ರೂಮಿನಲ್ಲಿ ಮೂವರಿದ್ದೇವೆ. ಹೇಳಿದರೆ ಅವರು ಏನಂದುಕೊಳ್ಳುತ್ತಾರೆ? ಮಾಲೀಕರಿಗೆ ಗೊತ್ತಾಗಿ ಖಾಲಿ ಮಾಡಿಸಿದರೆ? ಡೆಪಾಸಿಟ್ ಹೋದರೆ? ಏನೂ ಹೇಳದೆ, ಚೆನ್ನಾಗಿ ಒಗೆದುಕೊಂಡು ಹೋದರಾಯಿತು ಎಂದು ಒಂದು ಇಡೀ ದಿನ ಯೋಚಿಸಿದೆ. ಆಗ ಅಕ್ಕ ಸುಟ್ಟ ಚಾಪೆಗಳು ಕಣ್ಮುಂದೆ ಬಂದವು. ನಾನು ಬಾಯಿ ಮುಚ್ಚಿಕೊಂಡು ಹೋದರೆ ನಾಳೆ ಆ ರೂಮಿನಲ್ಲೂ ಇನ್ಯಾರೋ ಒಬ್ಬರ ಮೇಲೆ ಅನುಮಾನ ಬೀಳುತ್ತದೆ. ಬಹುಶಃ ಹಳ್ಳಿಯಿಂದ ಬಂದವರ ಮೇಲೆ, ಬಟ್ಟೆ ಕಡಿಮೆ ಇರುವವರ ಮೇಲೆ, ದೂರದ ರಾಜ್ಯದಿಂದ ಬಂದವರ ಮೇಲೆ.

ರೂಮ್‌ಮೇಟ್‌ಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದೆ: ‘ನಮ್ಮ ಮನೆಯಲ್ಲಿ ತಿಗಣೆ ಆಗಿದೆ. ಒಂದು ವಾರ ತಡವಾಗಿ ಬರುತ್ತೇನೆ. ಹಳೆಯ ಬ್ಯಾಗ್ ತರುವುದಿಲ್ಲ.’ ನೀಲಿ ಟಿಕ್ ಬಂತು. ಹತ್ತು ನಿಮಿಷ ಉತ್ತರವಿಲ್ಲ. ಆಮೇಲೆ ಒಬ್ಬರು, ‘ಹೋದ ವರ್ಷ ನಮ್ಮನೆಯಲ್ಲೂ ಆಗಿತ್ತು, ಹೇಳಿರಲಿಲ್ಲ’ ಎಂದರು. ಇನ್ನೊಬ್ಬರು ಬರೆದಿದ್ದು ಹೀಗೆ: ‘ನನ್ನ ಹಾಸಿಗೆಯಲ್ಲಿ ಒಂದು ತಿಂಗಳಿಂದ ಇವೆ. ನಿಮಗೆ ಹೇಗೆ ಹೇಳುವುದು ಗೊತ್ತಾಗದೆ ಸುಮ್ಮನಿದ್ದೆ.’ ಒಂದೇ ರೂಮಿನ ಮೂವರೂ ಒಂದೇ ಗುಟ್ಟನ್ನು ಮುಚ್ಚಿಟ್ಟುಕೊಂಡು ಕೂತಿದ್ದೆವು! ಆ ಗುಟ್ಟಿನಲ್ಲೇ ತಿಗಣೆಗಳು ಆರಾಮಾಗಿ ಸಂಸಾರ ಮಾಡಿಕೊಂಡಿದ್ದವು.

ಮೂವರೂ ಸೇರಿ ಮಾಲೀಕರ ಬಳಿ ಹೋದೆವು. ‘ಬೇರೆ ರೂಮಿನವರಿಗೆ ಹೇಳಬೇಡಿ, ನಿಮ್ಮ ರೂಮಿಗೆ ಮಾತ್ರ ಹೊಡೆಸುತ್ತೇನೆ’ ಎಂದರು. ಒಂದೇ ರೂಮಿಗೆ ಹೊಡೆಸಿದರೆ ಅವು ಪಕ್ಕದ ರೂಮಿನಿಂದ ವಾಪಸು ಬರುತ್ತವೆ, ಖರ್ಚು ನಿಮಗೇ ಎರಡು ಪಟ್ಟು ಎಂದು ವಿವರಿಸಿದೆವು. ಲೆಕ್ಕದ ಭಾಷೆ ಅವರಿಗೆ ಅರ್ಥವಾಯಿತು. ಇಡೀ ಮಹಡಿಗೆ ಎರಡು ಸಲ ಔಷಧ ಹೊಡೆಸಿದರು. ಯಾರನ್ನೂ ಖಾಲಿ ಮಾಡಿಸಲಿಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಹಾಸ್ಟೆಲ್, ಪಿಜಿಗಳಲ್ಲಿ ಸೇರುವ ದಿನವೇ ‘ತಿಗಣೆ ಕಂಡರೆ ತಕ್ಷಣ ಹೇಳಿ, ನಿಮ್ಮ ಮೇಲೆ ಕ್ರಮ ಇರುವುದಿಲ್ಲ’ ಎಂಬ ಒಂದು ಸಾಲಿನ ನಿಯಮವಿರಲಿ. ಒಂದು ರೂಮಿನಲ್ಲಿ ಕಂಡರೆ ಅಕ್ಕಪಕ್ಕ, ಮೇಲೆ ಕೆಳಗಿನ ರೂಮುಗಳನ್ನೂ ನೋಡಲಿ. ನಾವು ಪ್ರವಾಸ ಮುಗಿಸಿ ಬಂದಾಗ ಬ್ಯಾಗನ್ನು ಮಂಚದ ಕೆಳಗೆ ತಳ್ಳುವ ಬದಲು ಹೊರಗೇ ಬಿಚ್ಚಿ, ಬಟ್ಟೆಯನ್ನು ಸೀದಾ ಬಿಸಿನೀರಿಗೆ ಹಾಕೋಣ. ಕೆಲಸ ಹುಡುಕಿಕೊಂಡು ಊರೂರಿಗೆ ಇಂಟರ್‌ವ್ಯೂಗೆ ಓಡಾಡುವವರು, ಲಾಡ್ಜ್‌ನಲ್ಲಿ ಬ್ಯಾಗನ್ನು ಹಾಸಿಗೆ ಮೇಲೆ ಇಡುವ ಮೊದಲು ಒಂದು ಸಲ ಹಾಸಿಗೆಯ ಮೂಲೆ ಎತ್ತಿ ನೋಡಿ. ಎರಡು ನಿಮಿಷದ ಕೆಲಸ.

ಇಷ್ಟೆಲ್ಲ ಮಾಡಿಯೂ ಬಂದರೆ? ಬಂದಿದೆ ಎಂದು ಹೇಳಿ. ಮೊದಲು ಮನೆಯವರಿಗೆ, ಆಮೇಲೆ ಅಕ್ಕಪಕ್ಕದವರಿಗೆ, ನೀವು ಯಾರಿಗಾದರೂ ರಗ್ಗು ಕೊಟ್ಟಿದ್ದರೆ ಅವರಿಗೆ. ‘ಯಾರು ತಂದರು’ ಎಂದು ಬೆರಳು ತೋರಿಸುವ ಮೊದಲು ನಿಮ್ಮ ಟ್ರಾಲಿ ಬ್ಯಾಗಿನ ಜಿಪ್ ಪಟ್ಟಿಯನ್ನು ಒಮ್ಮೆ ಎತ್ತಿ ನೋಡಿ.

ಈ ಬರಹವನ್ನು ಕಳಿಸುವ ಮುನ್ನ ಅಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಕ್ಕನ ವಿಷಯ ಬಿಡಬೇಡ, ಅದನ್ನೂ ಹಾಕು’ ಎಂದಳು. ಹಾಕಿದ್ದೇನೆ.